ಸಹಾಯ ಬೇಕು: ಟ್ರೊಮ್ಸೊದಿಂದ ರಾತ್ರಿ ಕಾರಿನಲ್ಲಿ ಅರೋರಾ ಹುಡುಕಲು

ನಮಸ್ಕಾರ. ನಾವು ಮೂವರು ಈಗ ನಾರ್ವೆಯ ಟ್ರೊಮ್ಸೊದಲ್ಲಿದ್ದೇವೆ. ನಾಳೆ ರಾತ್ರಿ ಬಾಡಿಗೆ ಕಾರಿನಲ್ಲಿ ಅರೋರಾ (ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ನೋಡಲು ಹೊರಡಬೇಕು.

ನಿನ್ನೆ ಊರ ಹತ್ತಿರವೇ ಹೋಗಿ ಬೇಸ್ತು ಬಿದ್ದೆವು. ಅರೋರಾ ಕಾಣುವ ಸಾಧ್ಯತೆ ಅಂದಾಜಿಸಲು ನೋಡುವ ಕೆಪಿ ಸೂಚ್ಯಂಕ (0ರಿಂದ 9ರವರೆಗೆ) 4 ಇತ್ತು, ಆದರೆ ಮೇಲೆ ನೋಡಿದರೆ ಬರೀ ಮೋಡ. ಒಂದೇ ಒಂದು ಸಲ ಮೋಡ ಬಿರಿದು ತೆಳ್ಳಗೆ ಹಸಿರು ಗೆರೆ ಕಾಣಿಸಿತು. ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತಿದರೆ ಚಳಿಗೆ ಬ್ಯಾಟರಿ ಸತ್ತುಹೋಗಿತ್ತು! ಇನ್ನೊಂದು ಬ್ಯಾಟರಿ ರೂಮಿನಲ್ಲಿ ಬೆಚ್ಚಗೆ ಕೂತಿತ್ತು. ಈ ಸಲ ಅದು ನನ್ನ ಒಳಜೇಬಿನಲ್ಲೇ ಇರುತ್ತದೆ.

ಇ8 ರಸ್ತೆ ಹಿಡಿದು, ಸ್ಕಿಬೋಟ್ನ್ ಕಣಿವೆ ದಾಟಿ, ಫಿನ್‌ಲೆಂಡ್‌ನ ಕಿಲ್ಪಿಸ್‌ಯಾರ್ವಿ ತನಕ ಹೋಗುವ ಯೋಚನೆ ಇದೆ. ಸುಮಾರು 160 ಕಿ.ಮೀ. ಕರಾವಳಿಯ ಮೋಡವನ್ನು ಬೆಟ್ಟಗಳು ತಡೆಯುವುದರಿಂದ ಆ ಕಡೆ ಆಕಾಶ ತಿಳಿಯಾಗಿರುವುದು ಜಾಸ್ತಿ, ಅಲ್ವಾ? ಕೆಪಿ ಅಂಕಿ ನೋಡಿ ಕುಣಿಯುವುದಕ್ಕಿಂತ ಮೋಡದ ನಕ್ಷೆ ನೋಡುವುದೇ ಮೇಲು ಅಂತ ಈಗ ನನಗನಿಸಿದೆ.

ಈ ದಾರಿಯಲ್ಲಿ ರಾತ್ರಿ ಓಡಿಸಿದವರು ಯಾರಾದರೂ ಇದ್ದೀರಾ? ಕಾರಿಗೆ ಮೊಳೆ ಟೈರ್ (ಹಿಮದಲ್ಲಿ ಜಾರದಂತೆ ಲೋಹದ ಮೊಳೆ ಕೂರಿಸಿದ್ದು) ಇದೆ, ಆದರೆ ಹಿಮದ ರಸ್ತೆ ನಮಗೆ ಹೊಸದು. ಹಿಮಸಾರಂಗಗಳು ದಿಢೀರ್ ಅಡ್ಡ ಬರುತ್ತವಂತೆ, ಎಷ್ಟು ವೇಗದಲ್ಲಿ ಹೋದರೆ ಸರಿ? ರಸ್ತೆ ಬದಿ ಸುಮ್ನೆ ನಿಲ್ಲಿಸಲು ಭಯ. ಬೇರೆ ಗಾಡಿಗಳ ಬೆಳಕು ಬೀಳದ, ಸುರಕ್ಷಿತವಾದ ನಿಲುಗಡೆ ಜಾಗ ಗೊತ್ತಿದ್ದರೆ ಹೇಳಿ, ಮುಖ್ಯವಾಗಿ ಬೇಕಿರುವುದು ಅದೇ. ಅದೇ ರಾತ್ರಿ ವಾಪಸ್ ಬರಬಹುದಾ, ಅಥವಾ ಅಲ್ಲೇ ಉಳಿಯುವುದು ಒಳ್ಳೆಯದಾ?

ನಾಳೆ ಸಂಜೆಯೊಳಗೆ ಉತ್ತರ ಸಿಕ್ಕರೆ ಬಹಳ ಉಪಕಾರ.