ಮನೇಲಿ ಕ್ರಾಫ್ಟ್ ಬಿಯರ್ ಕುಡಿಯೋಕೆ ಯಾವ ಗ್ಲಾಸ್ ತಗೊಳ್ಲಿ, ಇನ್ನೇನೇನು ನಿಜವಾಗ್ಲೂ ಬೇಕು?

ಆಲ್ದೂರ್_ಹುಡ್ಗ:
ಎಲ್ರಿಗೂ ನಮಸ್ಕಾರ. ಬೆಂಗ್ಳೂರಲ್ಲಿದ್ದಾಗ ವೀಕೆಂಡ್ ಬಂತು ಅಂದ್ರೆ ಇಂದಿರಾನಗರ ಕಡೆ ಹೋಗಿ ಟ್ಯಾಪ್ ಬಿಯರ್ (ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್, ನಲ್ಲಿಯಿಂದ ಹಿಡಿದು ಕೊಡೋದು) ಕುಡಿಯೋ ಅಭ್ಯಾಸ ಆಗಿತ್ತು, ಈಗ ವರ್ಕ್ ಫ್ರಮ್ ಹೋಮ್ ಆಗಿ ಆಲ್ದೂರ್ ಹತ್ರ ನಮ್ಮ ತೋಟದ ಮನೇಲಿದೀನಿ, ಚಿಕ್ಕಮಗಳೂರು ಟೌನಿಗೆ ಹೋದಾಗ ವೈನ್ ಶಾಪಲ್ಲಿ ಗೋಧಿ ಹಾಕಿ ಮಾಡೋ ವೀಟ್ ಬಿಯರ್ ಸಿಗತ್ತೆ, ಅದೃಷ್ಟ ಇದ್ರೆ ಒಂದೆರಡು ಸ್ಟೌಟ್ (ಹುರಿದ ಧಾನ್ಯದ ಕಪ್ಪು ಬಿಯರ್) ಕ್ಯಾನು, ಅದನ್ನ ತಂದು ಮನೇಲಿರೋ ಸ್ಟೀಲ್ ಲೋಟಕ್ಕೆ ಹಾಕಿ ಕುಡುದ್ರೆ ಆ ಮಜಾನೇ ಇಲ್ಲ. ನೊರೆ ನೋಡ್ತಾ ನೋಡ್ತಾ ಮಾಯ ಆಗತ್ತೆ, ವಾಸ್ನೆನೂ ಬರಲ್ಲ.

ಸರಿ ಏನಾದ್ರೂ ತಗೊಳಣ ಅಂತ ಆನ್‌ಲೈನಲ್ಲಿ ನೋಡಿದ್ರೆ ತಲೆ ಕೆಟ್ಟೋಯ್ತು. ಕೆಳಗೆ ನಲ್ಲಿ ಇರೋ ಉದ್ದ ಬಿಯರ್ ಟವರ್ ಅಂತೆ, ಫ್ರೀಜರಲ್ಲಿ ಇಡೋ ಮಗ್ ಅಂತೆ, ಬಿಯರ್ ತಣ್ಣಗಿಡೋಕೆ ಬಾಟ್ಲಿ ಒಳಗೆ ಇಳಿಬಿಡೋ ಸ್ಟೀಲ್ ಕಡ್ಡಿ ಅಂತೆ, ಟ್ಯಾಪ್ ಬಿಯರ್ ತುಂಬಿಸ್ಕೊಂಡು ಬರೋ ದೊಡ್ಡ ಬಾಟ್ಲಿ ಗ್ರೌಲರ್ ಅಂತೆ. ಬಜೆಟ್ ಎರಡೂವರೆ ಸಾವಿರ, ಅಷ್ಟರಲ್ಲಿ ಏನು ತಗೊಂಡ್ರೆ ಉಪಯೋಗ? ದೀಪಾವಳಿಗೆ ಭಾವ ಬರ್ತಾರೆ, ಅವರೂ ಇದರ ಶೋಕಿ ಇರೋರೇ, ಅಷ್ಟರೊಳಗೆ ರೆಡಿ ಮಾಡ್ಕೋಬೇಕು.

ಇನ್ನೊಂದು ತೊಂದ್ರೆ, ಫ್ರಿಜ್ಜು ಅಮ್ಮನ ಕಂಟ್ರೋಲಲ್ಲಿದೆ. ಹಾಲು ಮೊಸರು ದೇವರ ಹೂವು ಇಡೋ ಕಡೆ ಬಾಟ್ಲಿ ಇಡಂಗಿಲ್ಲ ಅಂತ ಖಡಕ್ಕಾಗಿ ಹೇಳಿದಾರೆ. ಅದಕ್ಕೂ ದಾರಿ ಇದ್ರೆ ಹೇಳಿ.

ಹೇಮಾವತಿ_ದಡ:
ಮೊದ್ಲು ಆ ಟವರ್ ಮರ್ತುಬಿಡು ಮಾರಾಯ. ಮೂರು ಲೀಟರ್ ಬಿಯರ್ ಅದಕ್ಕೆ ಸುರಿಯೋವಾಗ್ಲೇ ಅರ್ಧ ಗ್ಯಾಸ್ ಹೋಗಿರತ್ತೆ, ಇಬ್ಬರು ಕುಡುದು ಮುಗಿಸೋ ಹೊತ್ತಿಗೆ ತಳದಲ್ಲಿರೋದು ಬೆಚ್ಚಗೆ, ಚಪ್ಪೆ. ಹತ್ತು ಜನ ಸೇರೋ ಕಡೆ ಮಾತ್ರ ಅದು ಲಾಯಕ್ಕು. ದೊಡ್ಡ ಗಿಫ್ಟ್ ಸೆಟ್ಟೂ ಬೇಡ, ಅದರಲ್ಲಿ ಅರ್ಧದಷ್ಟು ಗ್ಲಾಸಿಗೂ ಬಿಯರಿಗೂ ಸಂಬಂಧನೇ ಇಲ್ಲ.

ನೀನು ಕುಡಿಯೋದು ವೀಟ್ ಬಿಯರ್ ಮತ್ತೆ ಸ್ಟೌಟ್ ತಾನೆ, ಹಂಗಿದ್ರೆ ಎರಡು ಥರ ಗ್ಲಾಸ್ ಸಾಕು. ವೀಟಿಗೆ ಉದ್ದ ಇರತ್ತಲ್ಲ, ಕೆಳಗೆ ಸಣ್ಣ ಸೊಂಟ ಮೇಲೆ ಅಗಲ, ವೈಜನ್ ಗ್ಲಾಸ್ ಅಂತಾರೆ, ಅರ್ಧ ಲೀಟರ್ ಬಿಯರ್ ಹಾಕಿ ಮೇಲೆ ನೊರೆಗೆ ಜಾಗ ಉಳಿಯತ್ತೆ. ವೀಟ್ ಬಿಯರ್ ನೊರೆ ಜಾಸ್ತಿ ಕಟ್ಟತ್ತೆ, ಗೋಧಿಲಿರೋ ಪ್ರೋಟೀನ್ ಅದಕ್ಕೆ ಕಾರಣ, ಆ ನೊರೆ ನಿಲ್ಲೋಕೆ ಮೇಲ್ಗಡೆ ಅಗಲ ಬೇಕು. ಸ್ಟೌಟಿಗೆ, ಮುಂದೆ ಐಪಿಎ ಗೀಪಿಎ (ಕಹಿ, ವಾಸ್ನೆ ಜಾಸ್ತಿ ಇರೋ ಬಿಯರ್) ಸಿಕ್ಕಿದ್ರೆ ಅದಕ್ಕೂ ಟ್ಯುಲಿಪ್ ಗ್ಲಾಸ್, ಹೊಟ್ಟೆ ಉಬ್ಬಿ ಬಾಯಿ ಸ್ವಲ್ಪ ಕಿರಿದಾಗಿರೋದು, ವಾಸ್ನೆ ಒಳಗೇ ನಿಲ್ಲತ್ತೆ. ನಿಜ ಹೇಳ್ಬೇಕಂದ್ರೆ ಟ್ಯುಲಿಪ್ ದುಡ್ಡು ಕೊಟ್ಟು ತಗೊಳ್ಳೋದೂ ಬೇಡ, ನಿಮ್ಮನೆ ಶೋಕೇಸಲ್ಲಿ ಮದುವೆಲಿ ಯಾರೋ ಕೊಟ್ಟ ವೈನ್ ಗ್ಲಾಸ್ ಸೆಟ್ ಇದ್ದೇ ಇರತ್ತೆ, ಅದು ಅಷ್ಟೇ ಕೆಲ್ಸ ಮಾಡತ್ತೆ.

ಆನ್‌ಲೈನಲ್ಲಿ ತಗೊಳ್ಳೋವಾಗ ಫೋಟೋ ನೋಡಿ ಮೋಸ ಹೋಗ್ಬೇಡ, ಎಂಎಲ್ ಎಷ್ಟು ಅಂತ ಓದು. ಬ್ರಿಟಿಷ್ ಪಿಂಟ್ ಅಂದ್ರೆ 568 ಎಂಎಲ್, ಅಮೆರಿಕದ್ದು 473, ಆದ್ರೆ ಇಲ್ಲಿ ಪಿಂಟ್ ಗ್ಲಾಸ್ ಅಂತ ಹೆಸರು ಹಾಕಿ ಮುನ್ನೂರು ಚಿಲ್ರೆ ಎಂಎಲ್‌ದೂ ಮಾರ್ತಾರೆ. ನಮ್ಮ ವೈನ್ ಶಾಪಲ್ಲಿ ಪಿಂಟ್ ಅಂದ್ರೆ 330ರ ಸಣ್ಣ ಬಾಟ್ಲಿ, ಅದು ಬೇರೆ ಕಥೆ. 650ರ ದೊಡ್ಡ ಬಾಟ್ಲಿ ಹೆಂಗೂ ಒಂದು ಗ್ಲಾಸಿಗೆ ಹಿಡಿಯಲ್ಲ, ಇಬ್ಬರು ಹಂಚ್ಕೊಳ್ಳಿ.

ಕಾಫಿ_ಹೂ:
ಗ್ಲಾಸ್ ಆಕಾರಕ್ಕಿಂತ ಅದನ್ನ ತೊಳಿಯೋದು ಮುಖ್ಯ, ಇದನ್ನ ಯಾರೂ ಹೇಳಲ್ಲ. ನೊರೆ ಮಾಯ ಆಗತ್ತೆ ಅಂದ್ರಲ್ಲ, ಅದಕ್ಕೆ ಸ್ಟೀಲ್ ಲೋಟ ಕಾರಣ ಅಲ್ಲ, ಆ ಲೋಟದಲ್ಲಿ ಬೆಳಿಗ್ಗೆ ಹಾಲೋ ಮಜ್ಜಿಗೆನೋ ಕುಡಿದಿರ್ತೀರ, ಆಮೇಲೆ ಸಾರಿನ ಪಾತ್ರೆ ತಿಕ್ಕಿದ ಸ್ಕ್ರಬ್ಬರಲ್ಲೇ ತೊಳ್ದಿರ್ತೀರ. ಒಂಚೂರು ಜಿಡ್ಡು ಇದ್ರೂ ನೊರೆ ನಿಲ್ಲಲ್ಲ, ಸೋಪು ಸರಿಯಾಗಿ ಹೋಗದೆ ಇದ್ರೂ ಅದೇ ಕಥೆ. ಬಿಯರ್ ಗ್ಲಾಸಿಗೆ ಬೇರೆ ಸ್ಪಂಜ್ ಇಡಿ, ಜಾಸ್ತಿ ನೀರಲ್ಲಿ ತೊಳಿರಿ, ಬಟ್ಟೆಲಿ ಒರೆಸ್ಬೇಡಿ, ಬೋರಲು ಹಾಕಿ ಗಾಳಿಗೆ ಒಣಗ್ಲಿ. ಬೋರಲು ಅಂದ್ರೆ ಟವಲ್ ಮೇಲೆ ಅಲ್ಲ, ಜಾಲರಿ ಸ್ಟ್ಯಾಂಡ್ ಮೇಲೆ, ಇಲ್ಲಾಂದ್ರೆ ಮುಗ್ಗಲು ವಾಸ್ನೆ ಒಳಗೇ ಕೂರತ್ತೆ, ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ.

ಗ್ಲಾಸ್ ಕ್ಲೀನ್ ಇದೆಯಾ ನೋಡೋಕೆ ಒಳಗೆಲ್ಲ ನೀರು ಮಾಡಿ ಚೆಲ್ಲಿ, ಒದ್ದೆ ಇರೋವಾಗ್ಲೇ ಪುಡಿ ಉಪ್ಪು ಉದುರಿಸಿ. ಎಲ್ಲ ಕಡೆ ಒಂದೇ ಸಮ ಅಂಟಿದ್ರೆ ಕ್ಲೀನು, ಅಲ್ಲಲ್ಲಿ ಬಿಟ್ಟಿದ್ರೆ ಅಲ್ಲಿ ಜಿಡ್ಡಿದೆ ಅಂತ. ಬಿಯರ್ ಹಾಕಿದ್ಮೇಲೂ ಗೊತ್ತಾಗತ್ತೆ, ಗಾಜಿನ ಗೋಡೆಗೆ ಗುಳ್ಳೆ ಕಚ್ಕೊಂಡು ಕೂತಿದ್ರೆ ತೊಳೆದಿದ್ದು ಸಾಲಲ್ಲ. ಹಾಕೋ ಮುಂಚೆ ಒಂದ್ಸಲ ತಣ್ಣೀರಲ್ಲಿ ಜಾಲಿಸಿ, ಓರೆ ಹಿಡ್ದು ಸುರಿರಿ, ಅರ್ಧಕ್ಕಿಂತ ಮೇಲೆ ಬಂದ್ಮೇಲೆ ನೆಟ್ಟಗೆ ಮಾಡಿ.

ಉದ್ದ ಗ್ಲಾಸ್ ತಗೊಂಡ್ರೆ ಬಾಟ್ಲಿ ಬ್ರಷ್ಷೂ ತಗೊಳ್ಳಿ, ಕೈ ಒಳಗೆ ಹೋಗಲ್ಲ.

ಚನ್ರಾಯಪಟ್ನ_ಗೌಡ:
ಅಲ್ಲ ಗುರು ಬಿಯರ್ ಕುಡಿಯಕ್ಕೆ ಉಪ್ಪಾಕಿ ಟೆಸ್ಟ್ ಮಾಡ್ಬೇಕಾ 😂 ಬಾಟ್ಲಿ ತೆಗ್ದು ಹಂಗೇ ಎತ್ಕಂಡು ಕುಡ್ದ್ರೆ ಆಯ್ತಪ್ಪ. ನಮ್ ಕಡೆ ಮಗ್ಗು ಫ್ರೀಜರಲ್ಲಿ ಮಡಗ್ತೀವಿ, ಐಸ್ ಕಟ್ಕಂಡಿರ್ತದೆ, ಅದ್ರಾಗೆ ಸುರ್ಕಂಡು ಕುಡುದ್ರೆ ಸೆಕೆಲಿ ಸ್ವರ್ಗ. ನಿಮ್ಗೆ ಮಲೆನಾಡಲ್ಲಿ ಸೆಕೆ ಎಲ್ಲೈತೆ ಬಿಡಿ.

ಮತ್ತೆ ನಂಗೊಂದು ಡೌಟು, ಈ ವೀಟ್ ಬಿಯರಿಗೆ ಕೊತ್ತಂಬರಿ ಬೀಜ ಹಾಕ್ತರೆ ಅಂತ ಯಾರೋ ಹೇಳಿದ್ರು, ನಿಜವಾ? ಸಾರಿನ್ ಪುಡಿಗೆ ಹಾಕೋದನ್ನ ಬಿಯರಿಗೆ ಯಾಕ್ ಹಾಕ್ತರೆ?

ಹೇಮಾವತಿ_ದಡ:
ನಿಜ ಗೌಡ್ರೆ. ಬೆಲ್ಜಿಯಂ ಶೈಲಿ ವೀಟ್ ಬಿಯರಿಗೆ (ವಿಟ್ ಬಿಯರ್ ಅಂತಾರೆ) ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಎರಡೂ ಹಾಕ್ತಾರೆ. ಜರ್ಮನಿ ವೀಟ್ ಬಿಯರ್ ಹೆಫೆವೈಜನ್ ಅಂತ ಬೇರೆ ಇದೆ, ಅದಕ್ಕೆ ಏನೂ ಹಾಕಲ್ಲ, ಆದ್ರೂ ಬಾಳೆಹಣ್ಣು ಲವಂಗದ ವಾಸ್ನೆ ಬರತ್ತೆ, ಅಷ್ಟೂ ಯೀಸ್ಟ್ ಕೆಲಸ. ಬವೇರಿಯಾದಲ್ಲಿ 1516ರಲ್ಲೇ ಬಿಯರಿಗೆ ಬಾರ್ಲಿ, ಹಾಪ್ಸ್ (ಬಿಯರಿಗೆ ಕಹಿ, ವಾಸ್ನೆ ಕೊಡೋ ಹೂವು), ನೀರು ಬಿಟ್ಟು ಬೇರೆ ಹಾಕಂಗಿಲ್ಲ ಅಂತ ಕಾನೂನು ಮಾಡಿದ್ರು, ಯೀಸ್ಟ್ ಅನ್ನೋದು ಒಂದಿದೆ ಅಂತ ಆಗ ಅವರಿಗೆ ಗೊತ್ತೇ ಇರ್ಲಿಲ್ಲ. ಹೆಫೆವೈಜನ್ ಸೋಸಿರಲ್ಲ, ತಳದಲ್ಲಿ ಯೀಸ್ಟ್ ಕೂತಿರತ್ತೆ, ಮುಕ್ಕಾಲು ಸುರ್ಕೊಂಡು ಉಳಿದಿದ್ದನ್ನ ಬಾಟ್ಲಿಲೇ ಸಣ್ಣಗೆ ತಿರುಗಿಸಿ ಮೇಲೆ ಸುರಿಬೇಕು.

ಫ್ರೀಜರ್ ಮಗ್ ವಿಷ್ಯಕ್ಕೆ ಬಂದ್ರೆ, ಮಾಮೂಲಿ ಲಾಗರಿಗೆ (ಎಲ್ಲ ಕಡೆ ಸಿಗೋ ತಿಳಿ ಬಿಯರಿಗೆ) ನಡಿಯತ್ತೆ, ಅದು ಚಳಿ ಚಳಿ ಇದ್ದಷ್ಟೂ ಚೆಂದ. ಕ್ರಾಫ್ಟ್ ಬಿಯರಿಗೆ ಜಾಸ್ತಿ ದುಡ್ಡು ಕೊಡೋದೇ ಆ ವಾಸ್ನೆ ರುಚಿಗೆ, ಐಸ್ ಮಗ್ಗಿಗೆ ಹಾಕಿದ್ರೆ ನಾಲಿಗೆ ಜೋಮು ಹಿಡಿದು ಎರಡೂ ಗೊತ್ತಾಗಲ್ಲ, ಮೇಲಿಂದ ಐಸ್ ಕರಗಿ ನೀರು ಬೇರೆ ಸೇರತ್ತೆ. ಫ್ರಿಜ್ಜಲ್ಲಿ ಸುಮಾರು ನಾಲ್ಕು ಡಿಗ್ರಿ ಇರತ್ತೆ ಅಂದ್ಕೊಳ್ಳಿ, ಲಾಗರ್ ಹಂಗೇ ಕುಡೀರಿ, ವೀಟ್ ಬಿಯರ್ ಹತ್ತು ನಿಮಿಷ ಹೊರಗಿಟ್ಟು ಆಮೇಲೆ, ಸ್ಟೌಟ್ ಇನ್ನೂ ಸ್ವಲ್ಪ ಹೊತ್ತು ಬಿಡಿ, ಹತ್ತು ಹನ್ನೆರಡು ಡಿಗ್ರಿಗೆ ಬಂದ್ರೆ ಚಾಕ್ಲೇಟು ಕಾಫಿ ಥರ ಹುರಿದ ವಾಸ್ನೆ ಎಲ್ಲ ಆಗ ಎದ್ದು ಬರತ್ತೆ.

ಬಾಟ್ಲಿಲಿ ಕುಡಿಯೋರಿಗೆ ನಂದೇನೂ ತಕರಾರಿಲ್ಲ, ಮೂಗಿಗೆ ಕೆಲಸ ಇಲ್ಲ ಅಷ್ಟೆ.

ಆಲ್ದೂರ್_ಹುಡ್ಗ:
ಓಹ್ ತೊಳಿಯೋ ವಿಷ್ಯ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್ ಅಕ್ಕಾ. ಗ್ರೌಲರ್ ಬಗ್ಗೆ ಯಾರೂ ಹೇಳ್ಲಿಲ್ಲ? ಭಾವ ಬೆಂಗ್ಳೂರಿಂದ ಕಾರಲ್ಲೇ ಬರೋದು, ಅಲ್ಲಿಂದ ಟ್ಯಾಪ್ ಬಿಯರ್ ತುಂಬಿಸ್ಕೊಂಡು ಬರೋಕಾಗತ್ತಾ? ಮತ್ತೆ ಹೋಮ್ ಬ್ರೂ ಕಿಟ್ ಅಂತಲೂ ಕಾಣ್ತು, ಅದೂ ಆಸೆ ಆಗ್ತಿದೆ. ಫ್ರಿಜ್ಜಿನ ಪ್ರಶ್ನೆ ಹಂಗೇ ಉಳೀತು.

ಬೇಲೂರ್_ಬೈಕರ್:
ಹೋಮ್ ಬ್ರೂ ಆಸೆ ಬಿಟ್ಟಾಕಿ ಬ್ರೋ, ಲೈಸೆನ್ಸ್ ಇಲ್ದೆ ಮನೇಲಿ ಬಿಯರ್ ಮಾಡಿದ್ರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಸ್ವಂತಕ್ಕೆ ಮಾಡ್ಕೊಂಡೆ ಅಂದ್ರೂ ಕೇಳಲ್ಲ.

ಗ್ರೌಲರ್ ಒಳ್ಳೆ ಐಟಂ, ಆದ್ರೆ ನಿಮಗೆ ಎಷ್ಟು ಉಪಯೋಗಕ್ಕೆ ಬರತ್ತೆ ನೋಡ್ಕೊಳ್ಳಿ. 2020ರ ಲಾಕ್‌ಡೌನ್ ಟೈಮಲ್ಲಿ ಬೆಂಗ್ಳೂರ್ ಮೈಕ್ರೋಬ್ರೂವರಿಗಳಿಗೆ (ಅಲ್ಲೇ ಬಿಯರ್ ಮಾಡಿ ಮಾರೋ ಪಬ್‌ಗಳಿಗೆ) ಪಾರ್ಸಲ್ ಕೊಡೋಕೆ ಬಿಟ್ಟಿದ್ರು, ಆಗ್ಲೇ ತುಂಬಾ ಜನ ಇದನ್ನ ತಗೊಂಡಿದ್ದು. ಈಗ ಆ ಜಾಗದೋರು ತುಂಬಿಸಿ ಕೊಡ್ತಾರಾ ಇಲ್ವಾ ಅಂತ ಭಾವ ಮೊದ್ಲೇ ಫೋನ್ ಮಾಡಿ ಕೇಳ್ಕೊಳ್ಲಿ, ಗ್ರೌಲರ್ ತಗೊಂಡ್ಮೇಲೆ ಅಲ್ಲ. ಮಾಮೂಲಿ ಸೈಜು ಎರಡು ಲೀಟರಿಗೆ ಒಂಚೂರು ಕಮ್ಮಿ. ಗಾಜಿಂದಾದ್ರೆ ಕಂದು ಬಣ್ಣದ್ದೇ ಇರ್ಬೇಕು, ಆದ್ರೆ ಕಾರಲ್ಲಿ ತರೋಕೆ ಡಬಲ್ ವಾಲ್ ಸ್ಟೀಲಿಂದೇ ವಾಸಿ. ಬೆಂಗ್ಳೂರಿಂದ ಹಾಸನ ಬೇಲೂರ್ ಮೇಲೆ ಬಂದ್ರೂ, ಕಡೂರ್ ಮೇಲೆ ಬಂದ್ರೂ ಐದಾರು ಗಂಟೆ ಆಗತ್ತೆ ಊಟ ತಿಂಡಿ ಸೇರಿ, ಬಿಸಿಲಲ್ಲಿ ಕಾರ್ ನಿಲ್ಸಿ ಊಟಕ್ಕೆ ಹೋದ್ರೆ ಒಳಗೆ ಪ್ರೆಷರ್ ಏರತ್ತೆ. ಕುತ್ತಿಗೆ ಹತ್ರ ಸ್ವಲ್ಪ ಜಾಗ ಖಾಲಿ ಬಿಟ್ಟು ತುಂಬಿಸೋಕೆ ಹೇಳಿ. ಮುಚ್ಚಳ ಒಂದ್ಸಲ ತೆಗೆದ್ರೆ ಆವತ್ತೇ ಮುಗಿಸಿ, ಮಾರನೇ ದಿನಕ್ಕೆ ಗ್ಯಾಸ್ ಇಳಿದಿರತ್ತೆ. ಸಣ್ಣ ಸಿಒಟು ಗ್ಯಾಸ್ ಕಾರ್ಟ್ರಿಡ್ಜ್ ಹಾಕೋ ಮುಚ್ಚಳದ ಗ್ರೌಲರೂ ಇದೆ, ಅದರಲ್ಲಿ ಇನ್ನೂ ಕೆಲವು ದಿನ ತಡಿಯತ್ತೆ, ಆದ್ರೆ ನಿಮ್ಮ ಬಜೆಟ್ ಪೂರ್ತಿ ಅದಕ್ಕೇ ಹೋಗತ್ತೆ. ನನ್ನ ಕೇಳಿದ್ರೆ ಭಾವಂಗೆ ಎರಡ್ಮೂರು ಥರ ಕ್ಯಾನು ತರೋಕೆ ಹೇಳಿ ಸಾಕು.

ಕ್ಯಾನ್ ಯಾಕಂದ್ರೆ ಬೆಳಕು ಒಳಗೆ ಹೋಗಲ್ಲ. ಹಾಪ್ಸ್ ಕಹಿಗೆ ಬೆಳಕು ಬಿದ್ರೆ ಗಂಧಕದ ಥರ ಒಂದು ಕೆಟ್ಟ ವಾಸ್ನೆ ಹುಟ್ಟತ್ತೆ, ಬಿಳಿ ಬಾಟ್ಲಿ ಹಸಿರು ಬಾಟ್ಲಿಲಿ ಬೇಗ, ಕಂದು ಬಾಟ್ಲಿಲಿ ನಿಧಾನ. ಶಾಪಲ್ಲಿ ಟ್ಯೂಬ್‌ಲೈಟ್ ಕೆಳಗೆ ಜೋಡಿಸಿಟ್ಟಿದ್ದು ಬೇಡ, ಬಾಕ್ಸಲ್ಲಿರೋದು ಕೊಡಿ ಅನ್ನಿ. ತಯಾರಾದ ತಿಂಗಳು ಪ್ರಿಂಟ್ ಇರತ್ತೆ, ಅದನ್ನೂ ನೋಡಿ, ಐಪಿಎ ಎಲ್ಲ ಹೊಸದಿದ್ದಷ್ಟೂ ಚೆನ್ನ, ಹಳೇದಾದ್ರೆ ಹಾಪ್ಸ್ ವಾಸ್ನೆನೇ ಮೊದ್ಲು ಹೋಗೋದು. ನಮ್ಮ ಕಡೆ ಕ್ರಾಫ್ಟ್ ಬಿಯರ್ ಬೇಗ ಖಾಲಿ ಆಗಲ್ಲ, ಶೆಲ್ಫಲ್ಲಿ ಕೂತೇ ಇರತ್ತೆ, ಹಂಗಾಗಿ ಇದು ಮುಖ್ಯ.

ಕಾಫಿ_ಹೂ:
ಫ್ರಿಜ್ಜಿಗೆ ನಾನು ಹೇಳ್ತೀನಿ, ನಮ್ಮನೇಲೂ ಅತ್ತೆದು ಇದೇ ರೂಲ್ಸು 😄 ಒಂದು ಸಾದಾ ಬಕೆಟ್ ತಗೊಳ್ಳಿ, ಐಸ್ ಹಾಕಿ, ಐಸ್ ಮುಳುಗೋಷ್ಟು ನೀರು, ಒಂದೆರಡು ಹಿಡಿ ಕಲ್ಲುಪ್ಪು. ನೀರು ಹಾಕ್ಲೇಬೇಕು, ಬರೀ ಐಸಲ್ಲಿ ಬಾಟ್ಲಿಗೆ ಅಲ್ಲಲ್ಲಿ ಮಾತ್ರ ತಾಗತ್ತೆ, ನೀರಿದ್ರೆ ಸುತ್ತಲೂ ತಣ್ಣಗಾಗತ್ತೆ, ಉಪ್ಪು ಹಾಕಿದ್ರೆ ನೀರು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದೆ ಇರತ್ತೆ. ಕ್ಯಾನ್ ಹದಿನೈದು ಇಪ್ಪತ್ತು ನಿಮಿಷಕ್ಕೆ ರೆಡಿ. ಐಸ್ ಟ್ರೇ ಇಡೋಕೆ ಅಮ್ಮ ಬೇಡ ಅನ್ನಲ್ಲ ತಾನೆ? ಕರೆಂಟ್ ಹೋದ್ರೂ ತಲೆಬಿಸಿ ಇಲ್ಲ. ಆ ಸ್ಟೀಲ್ ಕಡ್ಡಿ ಬೇಡ, ಅದನ್ನ ತಣ್ಣಗೆ ಮಾಡೋಕೆ ಮತ್ತೆ ಫ್ರೀಜರೇ ಬೇಕು, ಬಾಟ್ಲಿಗೆ ಇಳಿಸಿದ ತಕ್ಷಣ ಬಿಯರ್ ಉಕ್ಕತ್ತೆ ಬೇರೆ.

ಉಳಿದ ಕ್ಯಾನು ಬಾಟ್ಲಿ ಮನೇಲಿ ತಂಪು, ಕತ್ಲೆ ಇರೋ ಮೂಲೆಲಿ ನೆಟ್ಟಗೆ ನಿಲ್ಸಿ. ಅಟ್ಟ ಬೇಡ, ಬೇಸಿಗೆಲಿ ಹೆಂಚು ಕಾದ್ರೆ ಅಲ್ಲೇ ಮೊದ್ಲು ಬಿಸಿ.

ಇನ್ನೊಂದು, ನೀವು ಆಲ್ದೂರೋರು, ಮನೇಲಿ ಅರೇಬಿಕಾ ಕಾಫಿ ಇರತ್ತೆ. ತರಿತರಿ ಪುಡಿನ ತಣ್ಣೀರಲ್ಲಿ ರಾತ್ರಿ ಪೂರ್ತಿ ನೆನೆಸಿ ಪೇಪರ್ ಫಿಲ್ಟರಲ್ಲಿ ಸೋಸಿ, ಅದನ್ನ ಗ್ಲಾಸಿಗೆ ಮೊದ್ಲು ಮೂವತ್ತು ಎಂಎಲ್ ಹಾಕಿ ಮೇಲೆ ಸ್ಟೌಟ್ ನಿಧಾನ ಸುರಿರಿ. ಚಿಕೋರಿ ಮಿಕ್ಸ್ ಇರೋ ಪುಡಿ ಬೇಡ. ಪೇಪರ್ ಯಾಕಂದ್ರೆ ಕಾಫಿಲಿರೋ ಎಣ್ಣೆ ಅದರಲ್ಲಿ ಉಳಿಯತ್ತೆ, ಇಲ್ಲಾಂದ್ರೆ ಮತ್ತೆ ನೊರೆ ಹಾಳು.

ಚನ್ರಾಯಪಟ್ನ_ಗೌಡ:
ಇದೊಂದು ಟ್ರೈ ಮಾಡ್ಬೌದು ಕಣಕ್ಕ. ನಂಚ್ಕಳಕ್ಕೆ ಏನ್ ಮಾಡ್ತೀರಿ ಅದನ್ನ ಹೇಳಿ ಮೊದ್ಲು.

ಹೇಮಾವತಿ_ದಡ:
ಸ್ಟೌಟಿಗೆ ಕಾಳುಮೆಣಸು ಹಾಕಿದ ಹಂದಿ ಫ್ರೈ, ಬೇರೆ ಮಾತೇ ಇಲ್ಲ. ವೀಟಿಗೆ ಮೀನು, ಇಲ್ಲಾ ಕಡ್ಲೆಕಾಯಿಗೆ ಈರುಳ್ಳಿ ನಿಂಬೆಹಣ್ಣು ಹಿಂಡಿ. ಹಸಿಮೆಣಸಿನಕಾಯಿ ಖಾರ ಜಾಸ್ತಿ ಇದ್ರೆ ಐಪಿಎ ತೆಗಿಬೇಡಿ, ಆ ಕಹಿಗೆ ಖಾರ ಇನ್ನೂ ಏರತ್ತೆ.

ಆಲ್ದೂರ್_ಹುಡ್ಗ:
ಹಂಗಾದ್ರೆ ವೈಜನ್ ಗ್ಲಾಸ್ ಎರಡು, ಬಾಟ್ಲಿ ಬ್ರಷ್ಷು, ಒಂದು ಸಾದಾ ಓಪನರು, ಬಕೆಟ್ ಮನೇಲೇ ಇದೆ. ವೈನ್ ಗ್ಲಾಸ್ ಶೋಕೇಸಲ್ಲಿ ನಿಜವಾಗ್ಲೂ ಇದೆ, ಅಣ್ಣನ ಮದುವೆದು, ಸ್ಟಿಕ್ಕರ್ ಕೂಡ ಕಿತ್ತಿಲ್ಲ. ಗೋಡೆಗೆ ಹೊಡ್ಯೋ ಓಪನರ್ ಹೆಂಗೆ, ತಗೊಳ್ಲಾ?

ಬೇಲೂರ್_ಬೈಕರ್:
ನೋಡೋಕೆ ಚೆಂದ, ಆದ್ರೆ ನಿಮ್ಮದು ಹಳೇ ಮಣ್ಣಿನ ಗೋಡೆ ಆದ್ರೆ ಸ್ಕ್ರೂ ನಿಲ್ಲಲ್ಲ, ಮರದ ಕಂಬಕ್ಕೆ ಹೊಡೀರಿ. ಅಮ್ಮನ್ನ ಕೇಳಿ ಹೊಡೀರಿ. ಚಪ್ಪಟೆ ಸ್ಟೀಲ್ ಓಪನರ್ ಬರತ್ತಲ್ಲ ಬಾರಲ್ಲಿ ಹುಡುಗ್ರು ಜೇಬಲ್ಲಿಟ್ಕೊಂಡಿರ್ತಾರೆ, ಅದು ನೂರು ನೂರೈವತ್ತಕ್ಕೆ ಸಿಗತ್ತೆ, ಜೀವನಪೂರ್ತಿ ಬರತ್ತೆ. ಗ್ಲಾಸ್ ಮಾತ್ರ ಎರಡರ ಬದ್ಲು ನಾಲ್ಕು ತಗೊಳ್ಳಿ, ದೀಪಾವಳಿ ಹೊತ್ತಲ್ಲಿ ಒಂದಾದ್ರೂ ಒಡಿಯತ್ತೆ, ಆಮೇಲೆ ಅದೇ ಡಿಸೈನ್ ಸಿಗಲ್ಲ.