ರೇಸ್ ಬುಕ್ ಓದೋದು ಹೇಗೆ? ಕುದುರೆಗಳ ಜೊತೆ ಕೆಲಸ ಮಾಡಿದವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ಶನಿವಾರ ದೊಡ್ಡಪ್ಪನ ಜೊತೆ ಮೊದಲ ಸಲ ಬೆಂಗಳೂರು ರೇಸ್ ಕೋರ್ಸ್‌ಗೆ ಹೋಗ್ತಿದ್ದೇನೆ. ಓಡುವ ಕುದುರೆಗಳ ವಿವರ ಇರುವ ರೇಸ್ ಬುಕ್ ಕೈಗೆ ಕೊಟ್ಟು "ಓದ್ಕೊಂಡು ಬಾ" ಅಂದಿದ್ದಾರೆ. ಒಂದೇ ರೇಸಲ್ಲಿ ಒಂದು ಕುದುರೆ ಕಳೆದ ಸಲ ಫಸ್ಟ್ ಬಂದಿದೆ, ಇನ್ನೊಂದು ಏಳನೆಯದು. ಫಸ್ಟ್ ಬಂದದ್ದೇ ವಾಸಿ ಅಲ್ವಾ?

ಉತ್ತರ: ನಮಸ್ಕಾರಮ್ಮ. ಎಷ್ಟನೆಯದು ಅನ್ನೋದನ್ನು ಸದ್ಯ ಮರೆತುಬಿಡಿ. ಏಳನೆಯದು ಗೆದ್ದ ಕುದುರೆಗಿಂತ ಎಷ್ಟು ಲೆಂಗ್ತ್ ಹಿಂದಿತ್ತು ನೋಡಿ. ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ. ಮೂರು ಲೆಂಗ್ತ್ ಹಿಂದೆ ಅಂದರೆ ಸುಮಾರು ಅರ್ಧ ಸೆಕೆಂಡು ಅಷ್ಟೇ. ಆವತ್ತು 1200 ಮೀಟರ್ ಓಡಿ, ಕೊನೆಯಲ್ಲಿ ನುಗ್ಗಿ ಬರ್ತಿದ್ದ ಕುದುರೆ ಇವತ್ತು 1600ಕ್ಕೆ ಬಂದಿದ್ದರೆ ನಾನಂತೂ ಅದನ್ನು ಬಿಡಲ್ಲ.

ಇನ್ನು ಫಸ್ಟ್ ಬಂದದ್ದು. ಇಲ್ಲಿ ರೇಟಿಂಗ್, ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ, ಮುಖ್ಯ. ಅದು ಹೆಚ್ಚಿದ್ದಷ್ಟೂ ಕುದುರೆ ಹೊರಬೇಕಾದ ಭಾರ ಹೆಚ್ಚು; ನಮ್ಮಲ್ಲಿ ಒಂದು ಪಾಯಿಂಟಿಗೆ ಅರ್ಧ ಕೆ.ಜಿ. ಲೆಕ್ಕ. 20ರಿಂದ 45 ರೇಟಿಂಗ್‌ನ ರೇಸು, ಟಾಪ್ ವೇಟ್ (45ರ ಕುದುರೆ ಹೊರುವ ಭಾರ) 60 ಕೆ.ಜಿ. ಅಂದುಕೊಳ್ಳಿ. 40 ರೇಟಿಂಗ್ ಕುದುರೆ 57.5 ಕೆ.ಜಿ. ಹೊತ್ತು ಗೆದ್ದಿತು, ರೇಟಿಂಗ್ 47 ಆಯಿತು. ಈಗ ಅದು 40ರಿಂದ 65ರ ರೇಸಿಗೆ ಹೋಗಬೇಕು. ಅಲ್ಲಿ 65ರ ಕುದುರೆಗೆ 60 ಕೆ.ಜಿ. ಆದರೆ ಇದಕ್ಕೆ 51. ಭಾರ ಆರೂವರೆ ಕೆ.ಜಿ. ಇಳಿಯಿತು, ಆದರೆ ಎದುರಾಳಿಗಳೆಲ್ಲ ಗಟ್ಟಿ ಕುದುರೆಗಳು. ಬರೀ ತೂಕ ನೋಡಿ "ಹಗುರ ಇದೆ" ಅಂತ ಖುಷಿಪಡೋರು ತುಂಬಾ ಜನ. ಯಾವ ಕ್ಲಾಸಿನಿಂದ, ಅಂದರೆ ಯಾವ ರೇಟಿಂಗ್ ಗುಂಪಿನಿಂದ, ಬಂತು ಅಂತ ಮೊದಲು ನೋಡಿ.

ಪ್ರಶ್ನೆ: ಪೇಪರಿನಲ್ಲಿ ಬರುವ ಬೆಳಗಿನ ತಾಲೀಮಿನ ಟ್ರ್ಯಾಕ್ ಟೈಮಿಂಗ್ ನಂಬಬಹುದಾ ಸರ್? ಹೆಸರಿನ ಪಕ್ಕ ಆರ್.ಬಿ. ಅಂತ ಇರುತ್ತಲ್ಲ, ಏನದು?

ಉತ್ತರ: ರೈಡಿಂಗ್ ಬಾಯ್, ಬೆಳಗಿನ ತಾಲೀಮಿನಲ್ಲಿ ಕುದುರೆ ಓಡಿಸುವವನು. ಆ ಆರ್.ಬಿ. ನಾನೇ ಆಗಿದ್ದೆ, ಹದಿನೆಂಟು ವರ್ಷ! ಟೈಮಿಂಗ್ ಸುಳ್ಳಲ್ಲ, ಆದರೆ ಒಂಟಿ ಅಂಕಿಯನ್ನು ನಂಬಬೇಡಿ. ನನ್ನ ತೂಕ ಆಗ 64 ಕೆ.ಜಿ. ರೇಸಿನ ದಿನ ಅದೇ ಕುದುರೆ ಮೇಲೆ ಬರೀ 53 ಕೆ.ಜಿ., ಹಾಗಾಗಿ ಬೆಳಗಿನ ಓಟ ನಿಧಾನ ಅನಿಸುತ್ತೆ. ಒಂದು ಹೆಣ್ಣು ಕುದುರೆ ಇತ್ತು, ಮಹಾ ಚುರುಕು. ಓಡಿಸಬೇಡ, ಹಿಡಿದೇ ತಾ ಅಂತ ಟ್ರೇನರ್ ಹೇಳೋರು. ಲಗಾಮು ಎಳೆದೂ ಎಳೆದೂ ತೋಳು ಬಿದ್ದುಹೋಗ್ತಿತ್ತು. ಮಾರನೇ ದಿನ ಪೇಪರಲ್ಲಿ 600 ಮೀಟರಿಗೆ 45 ಸೆಕೆಂಡು. ನೋಡಿದವರು ಸೋಮಾರಿ ಕುದುರೆ ಅಂದುಕೊಂಡರು. ಅದರ ಮೈಯಲ್ಲಿ ಎಷ್ಟು ಓಟ ಉಳಿದಿದೆ ಅಂತ ನನ್ನ ಕೈಗೆ ಗೊತ್ತಿತ್ತು. ಹಾಗಾಗಿ ಅಂಕಿಯ ಮುಂದೆ ಸಲೀಸಾಗಿ ಓಡಿತು ಅಂತಲೋ, ಒತ್ತಾಯ ಮಾಡಿ ಓಡಿಸಿದರು ಅಂತಲೋ ಒಂದೆರಡು ಪದ ಇರುತ್ತಲ್ಲ, ಅದನ್ನು ಬಿಡದೆ ಓದಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ನೋಡಿ ದುಡ್ಡು ಹಾಕಿದ್ರೆ ಗೆಲ್ಲಬಹುದಾ ಅಣ್ಣ?

ಉತ್ತರ: ಇಲ್ಲಪ್ಪ, ಆ ಭರವಸೆ ನಾನು ಕೊಡಲ್ಲ. ಎಲ್ಲ ಸರಿ ಇದ್ದ ಕುದುರೆ ಗೇಟಿನಲ್ಲೇ ತಡ ಮಾಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಮನೆ ಖರ್ಚಿನ ದುಡ್ಡು ದಯವಿಟ್ಟು ಮುಟ್ಟಬೇಡ.

ಪ್ರಶ್ನೆ ಕೇಳಿದ ತಂಗಿಗೆ ಇನ್ನೊಂದು ಮಾತು. ರೇಸಿಗೆ ಮುಂಚೆ ದೊಡ್ಡಪ್ಪನನ್ನು ಪ್ಯಾಡಕ್ (ಓಡುವ ಕುದುರೆಗಳನ್ನು ಸುತ್ತು ನಡೆಸಿ ತೋರಿಸುವ ಜಾಗ) ಹತ್ತಿರ ಕರ್ಕೊಂಡು ಹೋಗಿ. ನೀವು ಆರಿಸಿದ ಕುದುರೆ ಸುತ್ತು ಬರುವಾಗ ಹಿಂಗಾಲುಗಳ ನಡುವೆ ಬೆವರಿನ ನೊರೆ ಇದೆಯಾ ನೋಡಿ. ಇದ್ದರೆ ಗಾಬರಿಯಾಗಿ ಓಡೋಕೆ ಮುಂಚೆಯೇ ಸುಸ್ತಾಗ್ತಿದೆ ಅಂತ. ಅದು ಬುಕ್ಕಲ್ಲಿ ಸಿಗಲ್ಲ.