ನಿಜವನ್ನೇ ಬರೆದರೂ ಪೂರ್ವಗ್ರಹ ಹೇಗಾಗುತ್ತೆ?

ಸಂಜೆಮಳೆ:
ನಮ್ಮ ಬಡಾವಣೆಯ ಸಂಘದ ಪತ್ರಿಕೆಗೆ ಒಂದು ಪುಟ ಬರೆದಿದ್ದೆ. ಡೆಲಿವರಿ ಹುಡುಗರು ರಾಂಗ್ ಸೈಡಲ್ಲಿ ಗಾಡಿ ಓಡಿಸುತ್ತಾರೆ, ವಯಸ್ಸಾದವರಿಗೆ ರಸ್ತೆ ದಾಟುವುದೇ ಕಷ್ಟ ಅಂತ. ಸುಮ್ನೆ ಬರೆದದ್ದಲ್ಲ, ಎರಡು ವಾರ ನೋಡಿ ಐದು ಘಟನೆ ದಿನಾಂಕ ಸಮೇತ ಕೊಟ್ಟಿದ್ದೆ. ಸಂಪಾದಕರು, ರಿಟೈರ್ಡ್ ಮೇಷ್ಟ್ರು, "ಇದು ಪೂರ್ವಗ್ರಹ, ತಿದ್ದಿ ಕೊಡಿ" ಅಂತ ವಾಪಸ್ ಕಳಿಸಿದ್ದಾರೆ. ಐದೂ ನಡೆದದ್ದೇ ಸ್ವಾಮಿ!

ಗಿರಮಿಟ್:
ನಡೆದದ್ದು ನಿಜ, ಆರಿಸಿದ್ದು ಯಾರು? 1960ರಲ್ಲಿ ಪೀಟರ್ ವೇಸನ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. 2, 4, 6 ಒಂದು ನಿಯಮಕ್ಕೆ ಹೊಂದುತ್ತವೆ, ನೀವೂ ಮೂರು ಮೂರು ಸಂಖ್ಯೆ ಹೇಳುತ್ತಾ ಹೋಗಿ, ಹೊಂದುತ್ತೋ ಇಲ್ಲವೋ ಹೇಳುತ್ತೇನೆ, ನಿಯಮ ಯಾವುದು ಕಂಡುಹಿಡಿಯಿರಿ ಅಂತ. 8, 10, 12 ಅಂದರೆ ಹೌದು. 20, 22, 24, ಅದೂ ಹೌದು. ಹಾಗಾದರೆ ಎರಡೆರಡು ಕೂಡಿಸುವುದೇ ನಿಯಮ ಅಂದರೆ ತಪ್ಪು! ಸಂಖ್ಯೆ ಏರುತ್ತಾ ಹೋದರೆ ಸಾಕಿತ್ತು, 1, 7, 50 ಅಂದಿದ್ದರೂ ನಡೆಯುತ್ತಿತ್ತು. 29 ಜನರಲ್ಲಿ ಒಂದೇ ಏಟಿಗೆ ಸರಿ ಹೇಳಿದವರು 6. ತಪ್ಪು ಹೇಳಿದವರಂತೆ ನೀವೂ ನಿಮ್ಮ ಊಹೆಗೆ ಹೊಂದುವುದನ್ನೇ ಹುಡುಕಿದಿರಿ, ಬೆನ್ನಿಗೆ ಬ್ಯಾಗ್ ಇದ್ದವರನ್ನಷ್ಟೇ ನೋಡಿದಿರಿ, ಅಲ್ವಾ? ಹಿಡಿದ ಮೊಲಕ್ಕೆ ಮೂರೇ ಕಾಲು.

ಮುರುಕು ಕೊಡೆ:
ಎಣಿಕೆ ಇರಲಿ, ಕ್ರಿಯಾಪದ ನೋಡಿ. ಕರಡು ತಿದ್ದುವುದು ನನ್ನ ಕೆಲಸ, ದಿನಾ ಕಾಣುತ್ತೇನೆ: ಡ್ರೈವರ್ "ಬಂದ", ಓನರ್ "ಬಂದರು". ಯಾರಿಗೆ ಏಕವಚನ ಅಂತ ನಾವು ಯೋಚಿಸಿ ಬರೆಯುವುದೇ ಇಲ್ಲ, ಕೈಗೆ ಬಂದುಬಿಡುತ್ತೆ. "ಹೇಳಿದರು" ಅಂದರೆ ಹೇಳಿದರು ಅಷ್ಟೇ, ಅದನ್ನೇ "ಸಮಜಾಯಿಷಿ ನೀಡಿದರು" ಅಂತ ಬರೆಯಿರಿ, ಓದುವವರ ಕಣ್ಣಿಗೆ ಆಸಾಮಿ ಆಗಲೇ ತಪ್ಪಿತಸ್ಥ. ಇನ್ನು "ಎನ್ನಲಾಗಿದೆ" ಕಂಡಲ್ಲೆಲ್ಲ ಅಂದವರು ಯಾರು ಅಂತ ಕೇಳಿ.

ಸಂಜೆಮಳೆ:
ನಿನ್ನೆ ಗೇಟ್ ಹತ್ತಿರ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಕೂತೆ. ರಾಂಗ್ ಸೈಡಲ್ಲಿ ಬಂದದ್ದು 17 ಗಾಡಿ, ಡೆಲಿವರಿಯವರು 4. ಮಿಕ್ಕವರಲ್ಲಿ ಒಬ್ಬ ನನ್ನ ಮಗ, ಹಾಲು ತರಲು ಹೋಗಿದ್ದನಂತೆ. ಆಮೇಲೆ ಲೇಖನ ತೆಗೆದರೆ "ಹುಡುಗ ನುಗ್ಗಿದ", ಎರಡು ಸಾಲು ಕೆಳಗೆ "ಕಾರಿನವರು ಬ್ರೇಕ್ ಹಾಕಿದರು". ಅಂದರೆ ಡೆಲಿವರಿಯವರ ತಪ್ಪಿಲ್ಲ ಅಂತ ಬರೆಯಲೇ?

ಗಿರಮಿಟ್:
ಅಯ್ಯೋ, ಈಗ ಆ ಕಡೆ ವಾಲಬೇಡಿ. ಆ ಅರ್ಧ ಗಂಟೆಯಲ್ಲಿ ಒಟ್ಟು 5 ಡೆಲಿವರಿ ಗಾಡಿ ಬಂದು 4 ರಾಂಗ್ ಸೈಡ್ ಆಗಿದ್ದರೆ ನಿಮ್ಮ ದೂರು ಸರಿಯೇ, 60 ಬಂದಿದ್ದರೆ ಕಥೆ ಬೇರೆ. ನಾಳೆ ಸರಿಯಾದ ಕಡೆಯಿಂದ ಹೋದವರನ್ನೂ ಎಣಿಸಿ. ಮಗನನ್ನೂ ಪಕ್ಕ ಕೂರಿಸಿಕೊಳ್ಳಿ.